ಕಣ್ಣು ಮುಚ್ಚಿದರೆ ಪಾದ ಎಲ್ಲಿದೆ

ಆಗಸ್ಟ್ ೪, ಸೋಮವಾರ

ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಮುನ್ನೂರು ಮಕ್ಕಳ ಎದುರಿಗೆ ಬಿದ್ದೆ. ‘ಸಾವಧಾನ್’ ಎಂದು ಕೂಗಿ ಒಂದು ಹೆಜ್ಜೆ ಬಲಕ್ಕೆ ಇಟ್ಟೆ, ಅಷ್ಟೇ. ಬಲಪಾದ ಒಳಕ್ಕೆ ಮಗುಚಿತು. ಮುಂದಿನ ಕ್ಷಣ ನಾನು ಮಣ್ಣಿನಲ್ಲಿದ್ದೆ.

ಹೆಡ್‌ಮಾಸ್ಟರ್ ಶಂಕರೆಪ್ಪ ಸರ್ ಓಡಿಬಂದು, “ಕಲ್ಲ ಇತ್ತೇನ್ರಿ ಮ್ಯಾಡಂ?” ಅಂದರು. “ಹೌದ್ರಿ ಸರ್” ಅಂದೆ. ಕಲ್ಲಿರಲಿಲ್ಲ. ಆ ಮೈದಾನದ ಒಂದೊಂದು ಹರಳನ್ನೂ ನಾನೇ ನಿಂತು ಆರಿಸಿದ್ದೇನೆ. ಹಪ್ಪಳದ ಹಾಗೆ ಸಪಾಟಾದ ನೆಲ.

ಈ ವರ್ಷ ಇದು ನಾಲ್ಕನೆಯ ಸಲ. ಮುರಗೋಡದ ಪ್ರೌಢಶಾಲೆಯ ದೈಹಿಕ ಶಿಕ್ಷಕಿಗೆ ನೆಟ್ಟಗೆ ನಿಲ್ಲಲು ಬರುವುದಿಲ್ಲ ಎಂದು ಮಕ್ಕಳು ಇಷ್ಟು ಹೊತ್ತಿಗೆ ಮನೆಮನೆಯಲ್ಲೂ ಹೇಳಿರುತ್ತಾರೆ. ನೋಡಿದವರು ಮುನ್ನೂರು ಜನ, ಹೇಳಿಕೊಳ್ಳಲು ಒಬ್ಬರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಯಾರಿಗೂ ತೋರಿಸುವುದಿಲ್ಲ.

ಸಂಜೆ ಬಸ್ಸಿಳಿದು ಬೈಲಹೊಂಗಲದ ಮನೆಗೆ ಬಂದಾಗ ಅವ್ವ ನನ್ನ ನಡಿಗೆ ನೋಡಿಯೇ ಕಂಡುಹಿಡಿದಳು. “ಹದಿನಾರ ವರ್ಷ ಆತು ಇದನ್ನ ಮುಚ್ಚಿಡಾಕತ್ತಿ. ಬಜಾರದಾಗ ಆ ಫಿಸಿಯೋ ಹುಡುಗಿ ಬಂದಾಳಲ್ಲ, ಸಾಯಿರಾ, ಅಕಿಗರೆ ತೋರಸು.”

ತೋರಿಸಲು ಏನಿದೆ? ನೋವು ತಡೆದುಕೊಳ್ಳುವುದು ನನಗೆ ಹೊಸದಲ್ಲ.

ಆಗಸ್ಟ್ ೬, ಬುಧವಾರ

ಅವ್ವನ ಒತ್ತಾಯಕ್ಕೆ ಇಂದು ಸಾಯಿರಾಳ ಹತ್ತಿರ ಹೋಗಿದ್ದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸಾಯಿರಾ ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಪಾದ ಹಿಂಡಿ ನೋಡಿದಳು, ಕಾಲಿನಿಂದ ಅವಳ ಕೈಯನ್ನು ತಳ್ಳಲು ಹೇಳಿದಳು. ನಾನು ತಳ್ಳಿದ ರಭಸಕ್ಕೆ ಅವಳ ಸ್ಟೂಲೇ ಹಿಂದೆ ಸರಿಯಿತು. ಮನಸ್ಸಿನಲ್ಲೇ ನಕ್ಕೆ. ಆಮೇಲೆ ಹಾಸಿಗೆಯ ಮೇಲೆ ಮಲಗಿಸಿದಳು.

“ಕಣ್ಣ ಮುಚ್ರಿ ಟೀಚರ್ರ. ನಾ ನಿಮ್ಮ ಬಲಪಾದ ಒಂದ ಕಡೆ ಹಿಡೀತೇನಿ. ಅದು ಹೆಂಗ ಐತಿ ಅಂತ ಹೇಳ್ರಿ.”

“ನೆಟ್ಟಗ ಐತ್ರಿ” ಅಂದೆ.

“ಖರೇನ?”

“ಖರೇನ್ರಿ. ಬೆರಳು ಮ್ಯಾಲ ಅದಾವು.”

“ಈಗ ಕಣ್ಣ ತಗೀರಿ.”

ಪಾದ ಒಳಮಗ್ಗಲಿಗೆ ಹೊರಳಿ, ಬೆರಳುಗಳು ಇನ್ನೊಂದು ಕಾಲನ್ನು ನೋಡುತ್ತಿದ್ದವು. ನನಗೆ ಮೊದಲು ಹೊಳೆದದ್ದು, ನಾನು ಕಣ್ಣು ತೆರೆಯುವಾಗ ಇವಳು ತಿರುಗಿಸಿದಳು ಎಂದೇ. ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅವಳಿಗೆ ಸಿಟ್ಟು ಬರಲಿಲ್ಲ. “ಮತ್ತ ಮಾಡೋಣ ತಡೀರಿ” ಅಂದಳು. ಐದು ಸಲ ಮಾಡಿದೆವು, ನಾಲ್ಕು ಸಲ ತಪ್ಪು. ಎಡಗಾಲಿನದು ಐದಕ್ಕೆ ಐದೂ ಸರಿ.

ನನ್ನ ಪಾದ ಎಲ್ಲಿದೆ ಎಂದು ನನಗೇ ಗೊತ್ತಿಲ್ಲ. ಮೂವತ್ತೊಂದು ವರ್ಷ ನನ್ನ ಮೈಗೆ ಅಂಟಿಕೊಂಡಿರುವ ಪಾದ!

“ಶಕ್ತಿ ಕಮ್ಮಿ ಆಗೇತೇನ್ರಿ?” ಎಂದು ಕೇಳಿದೆ.

“ಶಕ್ತಿ ಬೇಕಾದಷ್ಟ ಐತ್ರಿ. ಆದ್ರ ಹೊತ್ತಿಗೆ ಸರಿಯಾಗಿ ಬರೂದಿಲ್ಲ. ಕೀಲಿನ ಸುತ್ತ ಇರೋ ನಾರು ಬರೇ ಹಗ್ಗ ಅಲ್ರಿ. ಪಾದ ಎಲ್ಲೈತಿ, ಯಾ ಕಡೆ ಹೊಳ್ಳಾಕತ್ತೈತಿ ಅಂತ ಮ್ಯಾಲ ಸುದ್ದಿ ಕಳಸ್ತಾವು. ಪದೇಪದೇ ಹರದ್ರ ಆ ಸುದ್ದಿ ತಡಾ ಆಗತೈತಿ, ತಪ್ಪೂ ಆಗತೈತಿ. ಹೊರಮಗ್ಗಲ ಸ್ನಾಯು ಪಾದಾನ ಎಳದ ಹಿಡೀಬೇಕಲ್ರಿ, ಅದು ಎಚ್ಚರ ಆಗೂದರಾಗ ನೀವು ನೆಲದ ಮ್ಯಾಲಿರ್ತೀರಿ. ಮೊದಲ ಸಲ ಉಳುಕಿದಾಗ ಎಷ್ಟ ದಿನ ಆರಾಮ ತಗೊಂಡಿದ್ರಿ?”

“ಒಂದ ದಿನಾನೂ ಇಲ್ರಿ.” ಇದನ್ನು ನಾನು ಯಾವಾಗಲೂ ಹೆಮ್ಮೆಯಿಂದಲೇ ಹೇಳುವುದು. ಕೇಳಿದವರು ‘ಭಲೆ’ ಅನ್ನುತ್ತಾರೆ. ಸಾಯಿರಾ ಅನ್ನಲಿಲ್ಲ. ಚೀಟಿಯಲ್ಲಿ ಏನೋ ಬರೆದುಕೊಂಡಳು.

ಆಗಸ್ಟ್ ೭, ಗುರುವಾರ

ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತು ಪಾದ ಎಲ್ಲಿದೆ ಎಂದು ಊಹಿಸುವುದು, ಆಮೇಲೆ ಬಗ್ಗಿ ನೋಡುವುದು. ಮುರಗೋಡ ಬರುವವರೆಗೂ ಇದೇ ಕೆಲಸ. ಪಕ್ಕದಲ್ಲಿದ್ದ ಹೆಂಗಸು “ಏನರೆ ಕಳಕೊಂಡೀರೇನ್ರಿ?” ಎಂದು ತಾನೂ ಬಗ್ಗಿ ಹುಡುಕಿದಳು.

ಕಿತ್ತೂರಿನಲ್ಲಿ ಓದುವಾಗಿನ ಆ ಫೈನಲ್ ಪಂದ್ಯ ದಿನವಿಡೀ ನೆನಪಾಯಿತು. ನನಗಾಗ ಹದಿನೈದು. ಬೆಳಗಿನ ಪಂದ್ಯದಲ್ಲಿ ಕಾಲು ಉಳುಕಿ ಬದನೆಕಾಯಿಯಂತೆ ಬಾತಿತ್ತು. ನಮ್ಮ ಖೋಖೋ ಕೋಚ್ ಸುಭಾಸ ಸರ್, “ನೋವ ಅಂದ್ರ ಏನಂತ ಕೇಳಬ್ಯಾಡ. ಕಟ್ಟಿಕೋ, ಓಡು” ಅಂದರು. ಓಡಿದೆ, ಗೆದ್ದೆವು. ಪ್ರತಿ ವರ್ಷ ಹೊಸ ತಂಡಕ್ಕೆ ನಾನು ಹೇಳುವ ಮೊದಲ ಕಥೆ ಅದೇ.

ಈ ವರ್ಷವೂ ಹೇಳಿದ್ದೇನೆ.

ಆಗಸ್ಟ್ ೧೬, ಶನಿವಾರ

ಸಾಯಿರಾ ಕೊಟ್ಟ ವ್ಯಾಯಾಮ: ಬಲಗಾಲೊಂದರ ಮೇಲೆ, ಕಣ್ಣು ಮುಚ್ಚಿ ನಿಲ್ಲುವುದು. ಹತ್ತು ದಿನವಾಯಿತು. ಮೂರು ಸೆಕೆಂಡಿನ ಮೇಲೆ ಹೋಗುತ್ತಿಲ್ಲ. “ಅದೇನ ದೊಡ್ಡ ಕೆಲಸ” ಎಂದು ಅವ್ವ ರೊಟ್ಟಿ ಬಡಿಯುವುದು ಬಿಟ್ಟು ಎದ್ದುಬಂದು, ಸೀರೆ ನೆರಿಗೆ ಎತ್ತಿ ಹಿಡಿದು, ಕಣ್ಣು ಮುಚ್ಚಿ ಕೊಕ್ಕರೆಯಂತೆ ನಿಂತಳು. ಎಣಿಸಿದೆ. ಒಂಬತ್ತು! ಅವಳಿಗೆ ಅರವತ್ತನಾಲ್ಕು ವರ್ಷ.

ಆಗಸ್ಟ್ ೨೩, ಶನಿವಾರ

ಸವದತ್ತಿಯಲ್ಲಿ ತಾಲ್ಲೂಕು ಮಟ್ಟದ ಖೋಖೋ ಗೆದ್ದೆವು. ಮುಂದಿನದು ರಾಮದುರ್ಗದಲ್ಲಿ, ಜಿಲ್ಲಾ ಮಟ್ಟದ್ದು.

ಗೆಲ್ಲಿಸಿದವಳು ಶೀತಲ. ಒಂಬತ್ತನೆಯ ತರಗತಿಯ ಹುಡುಗಿ, ಊರಾಚೆ ಕಬ್ಬಿನ ತೋಟದಲ್ಲಿ ಮನೆ ಮಾಡಿಕೊಂಡಿರುವ ಅಮೋಘಸಿದ್ದಪ್ಪನ ಮಗಳು. ಬೆನ್ನಟ್ಟುವಾಗ ಅವಳು ಕಂಬದ ಹತ್ತಿರ ಮೈ ಚೆಲ್ಲಿ ತಿರುಗುವುದನ್ನು ನೋಡಲು ಬೇರೆ ಶಾಲೆಯ ಶಿಕ್ಷಕರೂ ಬಂದು ನಿಲ್ಲುತ್ತಾರೆ. ರಾಮದುರ್ಗಕ್ಕೆ ಕ್ರೀಡಾ ವಸತಿ ಶಾಲೆಯ ಆಯ್ಕೆದಾರರು ಬರುತ್ತಾರಂತೆ. ಅವಳು ಓಡಿದರೆ ಸೀಟು ಸಿಕ್ಕ ಹಾಗೇ ಎಂದು ಶಂಕರೆಪ್ಪ ಸರ್ ಅಮೋಘಸಿದ್ದಪ್ಪನಿಗೆ ಹೇಳಿಯೂ ಆಗಿದೆ.

ಜೂನ್‌ನಲ್ಲಿ ಇದೇ ಹುಡುಗಿಯ ಎಡಗಾಲು ಉಳುಕಿತ್ತು. ಬ್ಯಾಂಡೇಜು ಕಟ್ಟಿ ಮೂರನೆಯ ದಿನವೇ ಮೈದಾನಕ್ಕೆ ಇಳಿಸಿದ್ದೆ. ಒಂದು ಮಾತಾಡದೆ ಓಡಿದಳು. ನನ್ನ ಹುಡುಗಿ.

ಆಗಸ್ಟ್ ೨೫, ಸೋಮವಾರ

ಇದನ್ನು ಬರೆಯಲೇ ಬೇಡ ಅನ್ನಿಸಿತ್ತು.

ಮಧ್ಯಾಹ್ನ ಕ್ರೀಡಾ ಸಾಮಗ್ರಿಯ ಕೋಣೆಯಲ್ಲಿ ಹುಡುಗಿಯರು ಹರಟೆ ಹೊಡೆಯುತ್ತಿದ್ದರು. ತಮಾಷೆಗೆಂದು ಸಾಯಿರಾಳ ಪರೀಕ್ಷೆ ಮಾಡಿ ತೋರಿಸಿದೆ. ನಾಯಕಿ ಮಹಾನಂದಾ ಮೊದಲು ಮಲಗಿದಳು. ಎಲ್ಲ ಸರಿ ಹೇಳಿದಳು. ಆಮೇಲೆ ಶೀತಲ. ಅವಳ ಎಡಪಾದವನ್ನು ಒಳಕ್ಕೆ ಹೊರಳಿಸಿ ಹಿಡಿದೆ.

“ಹೆಂಗೈತಿ?”

“ನೆಟ್ಟಗ ಐತ್ರಿ ಟೀಚರ್.”

ನನ್ನ ಮಾತೇ. ಅಕ್ಷರವೂ ಬದಲಿಲ್ಲ. ಇನ್ನಷ್ಟು ಹೊರಳಿಸಿದೆ. “ಈಗ?” “ನೆಟ್ಟಗ ಐತ್ರಿ.” ಉಳಿದವರು ಕಿಸಕ್ಕನೆ ನಕ್ಕರು. ಅವಳು ಕಣ್ಣು ತೆರೆದು ಪಾದ ನೋಡಿ ತಾನೂ ನಕ್ಕಳು. ಎಲ್ಲರನ್ನೂ ಕ್ಲಾಸಿಗೆ ಕಳಿಸಿ ಅವಳನ್ನು ಕೂರಿಸಿಕೊಂಡೆ.

“ಜೂನ್ ಆದಮ್ಯಾಲ ಮತ್ತ ಬಿದ್ದೀಯೇನು?”

ಅವಳು ನೆಲ ನೋಡಿದಳು. “ಐದ ಸಲ ಬಿದ್ದೇನ್ರಿ.”

“ನನಗ್ಯಾಕ ಹೇಳಲಿಲ್ಲ?”

“ನೀವು ಬೈತೀರಂತ. ನೋವಂದ್ರ ಏನಂತ ಕೇಳಬ್ಯಾಡ ಅಂತೀರಲ್ರಿ.”

ಆಮೇಲೆ ತಾನಾಗಿಯೇ ಇನ್ನೊಂದು ಹೇಳಿದಳು. ಅವಳ ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ. ಹೋದ ತಿಂಗಳು ಕೂಸನ್ನು ಎತ್ತಿಕೊಂಡು ಅಂಗಳ ದಾಟುವಾಗ ಶೀತಲಳ ಕಾಲು ಮಗುಚಿತು. ಕೂಸಿಗೆ ಹಣೆಯ ಮೇಲೆ ಸಣ್ಣ ಗಾಯ, ಮತ್ತೇನೂ ಆಗಲಿಲ್ಲ. ಅಂದಿನಿಂದ ಮನೆಯಲ್ಲಿ ಯಾರೂ ಅವಳ ಕೈಗೆ ಕೂಸನ್ನು ಕೊಡುತ್ತಿಲ್ಲ.

“ನಾ ಬೇಕಂತ ಮಾಡಿಲ್ರಿ ಟೀಚರ್. ಅಲ್ಲಿ ಏನೂ ಇರಲಿಲ್ರಿ. ಕಲ್ಲೂ ಇರಲಿಲ್ಲ.”

ಆಗಸ್ಟ್ ೨೮, ಗುರುವಾರ

ಶೀತಲಳನ್ನೂ ಅವಳ ಅಪ್ಪನನ್ನೂ ಸಾಯಿರಾಳ ಹತ್ತಿರ ಕರೆದುಕೊಂಡು ಹೋದೆ. ನೋಡಿ ಮುಗಿಸಿ ಸಾಯಿರಾ ಹೇಳಿದ್ದು ಇಷ್ಟು: ಈಗ ಓಡಿಸಬೇಡಿ, ಎರಡೂವರೆ ಮೂರು ತಿಂಗಳು ದಿನಾ ಅಭ್ಯಾಸ ಮಾಡಿದರೆ ಕಾಲು ಬಹಳಮಟ್ಟಿಗೆ ಸುಧಾರಿಸಬಹುದು, ಹೀಗೇ ಓಡಿಸಿದರೆ ನಾರು ಮತ್ತೆ ಹರಿಯುತ್ತದೆ.

ಅಮೋಘಸಿದ್ದಪ್ಪ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. “ಹದಿನೈದ ದಿನದಾಗ ರಾಮದುರ್ಗದ ಪಂದ್ಯ ಐತಲ್ರಿ. ಅದೊಂದ ಓಡಲಿ. ಆಮ್ಯಾಲ ವರ್ಷಗಟ್ಲೆ ಕುಂದರಲಿ.”

ಸಾಯಿರಾ ನನ್ನ ಮುಖ ನೋಡಿದಳು. ಅಪ್ಪ ಮಗಳೂ ನನ್ನ ಮುಖವನ್ನೇ ನೋಡುತ್ತಿದ್ದರು. “ವಿಚಾರ ಮಾಡೋಣ್ರಿ” ಅಂದೆ. ಅದು ಹೇಡಿಯ ಮಾತು. ಒಂದೇ ಪಂದ್ಯ ಅಲ್ಲವೇ ಎಂದು ನನಗೂ ಅನ್ನಿಸಿತ್ತು.

ಆಗಸ್ಟ್ ೩೧, ರವಿವಾರ

ಕಿತ್ತೂರಿಗೆ ಹೋಗಿದ್ದೆ, ಸುಭಾಸ ಸರ್ ಮನೆಗೆ. ಜಗಳವಾಡಲೆಂದೇ ಹೋದೆ. ನೀವು ಅಂದು ನನ್ನನ್ನು ಓಡಿಸಿದಿರಿ, ಅದನ್ನೇ ನಾನು ಕಲಿತೆ, ಈಗ ಒಂದು ಹುಡುಗಿಯ ಕಾಲು ಕೆಡಿಸಿದ್ದೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಸರ್‌ಗೆ ಈಗ ಎಪ್ಪತ್ತು ದಾಟಿದೆ. “ಬಾ ಯವ್ವಾ ಮಧು, ಕುಂದರು” ಎಂದು ಚಹಾ ತರಿಸಿದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟು, “ನಾ ಹಂಗ ಅಂದಿಲ್ಲಲ್ಲವಾ ತಂಗಿ” ಅಂದರು.

“ಅಂದೀರ್ರಿ ಸರ್. ನನ್ನ ಕಿವಿಯಾಗ ಇನ್ನೂ ಐತಿ.”

ಅವರು ಎದ್ದು ಒಳಗೆ ಹೋಗಿ ಹಳೆಯ ನೋಟ್‌ಬುಕ್ಕುಗಳ ಕಟ್ಟೊಂದನ್ನು ತಂದರು. ಪ್ರತಿ ಪಂದ್ಯದ ತಂಡವನ್ನೂ ಬರೆದಿಡುತ್ತಿದ್ದರು. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ಹುಡುಕಿ ಒಂದು ಪುಟ ನನ್ನ ಕಡೆ ತಿರುಗಿಸಿದರು. ಆ ಫೈನಲ್‌ನ ತಂಡ. ಐದನೆಯ ಹೆಸರು ನನ್ನದು, ಅಡ್ಡಗೆರೆ ಎಳೆದಿದೆ. ಪಕ್ಕದಲ್ಲಿ ಸರ್ ಕೈಬರಹ: ‘ಕಾಲಿಗೆ ಪೆಟ್ಟು. ಆಡಿಸಬಾರದು.’ ಕೆಳಗೆ, ಕಡೆಯ ಸಾಲಿನಲ್ಲಿ, ಮತ್ತೆ ನನ್ನ ಹೆಸರು.

ಅದು ಸರ್ ಅಕ್ಷರವಲ್ಲ. ‘ಧ’ಕ್ಕೆ ಹೊಟ್ಟೆ ಸೀಳುವುದನ್ನು ನಾನು ಇಂದಿಗೂ ಮರೆಯುತ್ತೇನೆ. ಅಲ್ಲೂ ಸೀಳಿರಲಿಲ್ಲ.

“ನೀನ ಬರದಿ. ಪಟ್ಟಿ ಬಿಚ್ಚಿ ಒಗದು, ‘ನೋವಿಲ್ರಿ ಸರ್, ನೋಡ್ರಿ’ ಅಂತ ನನ್ನ ಮುಂದ ಕುಣದ ತೋರಿಸಿದಿ. ‘ನೋವ ಅಂದ್ರ ಏನಂತ ಕೇಳಬ್ಯಾಡ್ರಿ’ ಅಂದಾಕಿ ನೀನ.”

ಚಹಾ ಆರಿಹೋಯಿತು. ಆ ಮಾತು ಅವರ ದನಿಯಲ್ಲೇ ನನಗೆ ನೆನಪಿದೆ, ಈಗಲೂ ಹಾಗೇ ಕೇಳುತ್ತದೆ. ಇಷ್ಟು ವರ್ಷ ಎಷ್ಟು ಮಕ್ಕಳಿಗೆ ಹೇಳಿದೆ!

ಹೊರಡುವಾಗ ಸರ್ ಬಾಗಿಲವರೆಗೆ ಬಂದರು. “ಹಂಗಂತ ನಂದೇನೂ ತಪ್ಪಿಲ್ಲ ಅನ್ನೂದಿಲ್ಲ. ನಿನ್ನ ಕಾಲ ಬಾತಿದ್ದು ನನಗ ಕಾಣಸ್ತಿತ್ತು. ನೀನು ಕುಣದ ತೋರಿಸಿದ್ದೂ ಸುಳ್ಳ ಅಂತ ಗೊತ್ತಿತ್ತು. ಗೆಲ್ಲೂ ಆಸೆ ನನಗೂ ಇತ್ತು. ತಡೀಬೇಕಾಗಿತ್ತು. ತಡೀಲಿಲ್ಲ.”

ಸೆಪ್ಟೆಂಬರ್ ೨, ಮಂಗಳವಾರ

ಶಂಕರೆಪ್ಪ ಸರ್‌ಗೆ ಪತ್ರ ಕೊಟ್ಟೆ. ಶೀತಲಳನ್ನು ರಾಮದುರ್ಗದಲ್ಲಿ ಆಡಿಸುವುದಿಲ್ಲ, ಜೂನ್‌ನಲ್ಲಿ ಗಾಯ ಮಾಯುವ ಮೊದಲೇ ಓಡಿಸಿದ್ದು ನಾನು, ತಪ್ಪು ನನ್ನದು. ಅವರು ಎರಡು ಸಲ ಓದಿದರು.

“ಮ್ಯಾಡಂ, ಬಾಯಿಲೆ ಹೇಳಿದ್ರ ನಾ ಕೇಳಿ ಬಿಟ್ಟಬಿಡತಿದ್ದೆ. ಹಿಂಗ ಬರದ ಕೊಟ್ರ ಆಡಳಿತ ಮಂಡಳಿ ಮುಂದ ಇಡಬೇಕಾಗತೈತ್ರಿ. ನೌಕರಿ ಪ್ರಶ್ನೆ. ಹರದ ಒಗೀಲೇನು?”

“ಬ್ಯಾಡ್ರಿ ಸರ್.”

ಇಷ್ಟು ಸಲೀಸಾಗಿ ಅಂದೆನಲ್ಲ ಎಂದು ಹೊರಗೆ ಬಂದ ಮೇಲೆ ಅನ್ನಿಸಿತು.

ಶೀತಲಳಿಗೆ ನಾನೇ ಹೇಳಿದೆ. ಅಳಲಿಲ್ಲ. ನೇರ ಕಣ್ಣಿಗೆ ಕಣ್ಣಿಟ್ಟು, “ನೀವು ಓಡೀರಿ, ಗೆದ್ದೀರಿ, ನೌಕರಿ ತಗೊಂಡೀರಿ. ನಾ ಯಾಕ ಓಡಬಾರದ್ರಿ?” ಅಂದಳು.

ಸೆಪ್ಟೆಂಬರ್ ೧೩, ಶನಿವಾರ

ರಾಮದುರ್ಗದಿಂದ ಈಗ ಬಂದೆ. ಸೋತೆವು, ಒಂದು ಅಂಕದಿಂದ.

ಶೀತಲ ತಂಡದ ಜೊತೆ ಬಂದಿದ್ದಳು. ಬೇಡ ಎನ್ನಲು ಮನಸ್ಸಾಗಿರಲಿಲ್ಲ. ಬೆನ್ನಟ್ಟುವ ಕಡೆಯ ಸರದಿ, ಎರಡು ನಿಮಿಷ ಉಳಿದಿತ್ತು. ಗೆಲ್ಲಲು ಮೂರು ಅಂಕ ಬೇಕು. ಆಗಲೇ ಮಹಾನಂದಾ ಮೊಣಕಾಲು ಹಿಡಿದುಕೊಂಡು ಕುಸಿದಳು. ಅವಳನ್ನು ಎತ್ತಿ ಹೊರಗೆ ತರುವಷ್ಟರಲ್ಲಿ ಶೀತಲ ನನ್ನ ಎದುರಿಗೆ ನಿಂತಿದ್ದಳು, ಓಡಲು ಸಜ್ಜಾಗಿ.

“ಟೀಚರ್, ನಾ ಇಳೀತೇನ್ರಿ. ನೋವಿಲ್ರಿ. ನೋಡ್ರಿ.” ಅವಳು ಎಡಗಾಲಿನ ಮೇಲೆ ಕುಪ್ಪಳಿಸಿ ತೋರಿಸಿದಳು.

ಹಗ್ಗದಾಚೆಯಿಂದ ಅಮೋಘಸಿದ್ದಪ್ಪ, “ಇಳಸ್ರಿ ಮ್ಯಾಡಂ, ನಿಮ್ಮ ಕಾಲ ಬೀಳತೇನಿ” ಎಂದು ಕೂಗುತ್ತಿದ್ದ. ಆಯ್ಕೆದಾರರು ಪೆಂಡಾಲಿನ ಕೆಳಗೆ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಹುಡುಗಿ ಅಷ್ಟು ಸೊಗಸಾಗಿ ಸುಳ್ಳು ಹೇಳುತ್ತಿದ್ದಳು, ನನಗೆ ನಂಬುವ ಆಸೆಯಾಯಿತು. ನಿಜವಾಗಿಯೂ ಆಯಿತು.

“ಕುಂದರು” ಅಂದೆ. ಎಂಟನೆಯ ತರಗತಿಯ ಹುಡುಗಿಯನ್ನು ಇಳಿಸಿದೆ. ಅವಳು ಹೆದರಿ ಒಂದೇ ಅಂಕ ತಂದಳು.

ಹಿಂತಿರುಗುವಾಗ ಕ್ರೂಸರ್ ಗಾಡಿಯಲ್ಲಿ ಹುಡುಗಿಯರೆಲ್ಲ ನನ್ನಿಂದ ದೂರ, ಹಿಂದಿನ ಸೀಟಿಗೆ ಸರಿದು ಕೂತರು. ಬೇರೆ ಶಾಲೆಯ ಇಬ್ಬರು ಹುಡುಗಿಯರ ಹೆಸರನ್ನು ಆಯ್ಕೆದಾರರು ಬರೆದುಕೊಂಡರಂತೆ. ಅವರಲ್ಲಿ ಒಬ್ಬಳೂ ಶೀತಲಳ ಅರ್ಧದಷ್ಟು ಓಡುವವಳಲ್ಲ.

ಸೆಪ್ಟೆಂಬರ್ ೧೪, ರವಿವಾರ

ಅವ್ವ ತಟ್ಟೆಯಲ್ಲಿ ರೊಟ್ಟಿ ಮುರಿದಿಟ್ಟು ಹೋದಳು.

ಸೆಪ್ಟೆಂಬರ್ ೧೭, ಬುಧವಾರ

ಆಡಳಿತ ಮಂಡಳಿಯ ನೋಟಿಸು ಬಂತು. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ‘ನಿಷ್ಕಾಳಜಿ’ ಎಂಬ ಪದ ಎರಡು ಕಡೆ ಇದೆ. ಸೋತದ್ದಕ್ಕಲ್ಲ, ಜೂನ್‌ನಲ್ಲಿ ಓಡಿಸಿದ್ದಕ್ಕೆ. ನಾನೇ ಬರೆದುಕೊಟ್ಟ ತಪ್ಪಲ್ಲವೇ? ಆದರೂ ಅಚ್ಚಿನಲ್ಲಿ ನೋಡಿದಾಗ ಕಪಾಳಕ್ಕೆ ಹೊಡೆದಂತಾಯಿತು.

ಸಂಜೆ ಅಭ್ಯಾಸಕ್ಕೆ ಹದಿನಾಲ್ಕರಲ್ಲಿ ಆರೇ ಹುಡುಗಿಯರು ಬಂದರು. ಓಟ ಶುರುವಾಗುವ ಮೊದಲು ಒಬ್ಬಳು ಹೊಟ್ಟೆ ನೋವು ಅಂದಳು. ನೆರಳಿಗೆ ಹೋಗಿ ಕುಂದರು, ನೀರು ಕುಡಿ ಎಂದೆ. ಯಾಕೋ ಏನೋ, ಉಳಿದ ಐವರೂ ಓಟಕ್ಕೆ ಅಣಿಯಾಗುವುದನ್ನು ಬಿಟ್ಟು ನನ್ನನ್ನೇ ನೋಡುತ್ತಾ ನಿಂತರು. ಸೀಟಿ ಊದಿದ ಮೇಲೇ ಕದಲಿದರು.

ಬಲಗಾಲು, ಕಣ್ಣು ಮುಚ್ಚಿ: ಏಳು ಸೆಕೆಂಡು.

ಸೆಪ್ಟೆಂಬರ್ ೨೧, ರವಿವಾರ

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಶೀತಲ! ಮುರಗೋಡದಿಂದ ಒಬ್ಬಳೇ ಬಸ್ಸಿಗೆ ಬಂದಿದ್ದಳು. ನಮ್ಮದು ಮಹಡಿಯ ಮನೆ, ಹದಿನೆಂಟು ಮೆಟ್ಟಿಲು ಹತ್ತಬೇಕು. ಅವ್ವ ನೀರು ಕೊಟ್ಟಳು. ಹುಡುಗಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೂತಳು, ಕುಡಿಯಲಿಲ್ಲ.

ಬೈಯಲು ಬಂದಿದ್ದಾಳೆ ಎಂದುಕೊಂಡೆ. ಅವಳು ಬಾಯಿ ತೆರೆಯುವ ಮೊದಲೇ ಕಿತ್ತೂರಿನ ನೋಟ್‌ಬುಕ್ಕಿನ ವಿಷಯ ಹೇಳಿಬಿಟ್ಟೆ. ಆ ಕಥೆ ಸುಳ್ಳು, ಕೋಚ್ ಹಾಗೆ ಹೇಳಿರಲೇ ಇಲ್ಲ, ಹೇಳಿದವಳು ನಾನೇ ಎಂದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ:

“ಮಹಾನಂದಾಗ ಮೊಣಕಾಲಿಗೆ ಏನೂ ಆಗಿರಲಿಲ್ರಿ ಟೀಚರ್.”

ನನಗೆ ಅರ್ಥವಾಗಲಿಲ್ಲ.

“ನಾನ ಅಕಿಗೆ ಬೀಳು ಅಂದಿದ್ದೆರಿ. ಅಕಿ ಹೊರಗ ಬಂದ್ರ ನೀವು ನನ್ನ ಇಳಸಾಕ ಬೇಕಲ್ರಿ. ಎಲ್ಲಾರೂ ಕೂಡಿ ಮಾತಾಡಿದ್ವಿ. ನೀವು ಇಳಸೂದಿಲ್ಲ ಅಂತ ಯಾರಿಗೂ ಅನಿಸಿರಲಿಲ್ರಿ.”

ಒಳ್ಳೆಯ ನಾಯಕಿ ಅಂಗಳದಲ್ಲೇ ಇದ್ದಿದ್ದರೆ ಇನ್ನೆರಡು ಅಂಕ ಬರುತ್ತಿತ್ತು. ಗೆಲ್ಲುತ್ತಿದ್ದೆವು! ಇಡೀ ತಂಡ ಸೇರಿಕೊಂಡು, ಗೆಲ್ಲುವ ಪಂದ್ಯವನ್ನು, ನನ್ನ ಕಣ್ಣೆದುರಿಗೆ... ಬಾಯಿವರೆಗೆ ಬಂತು. ಅವಳು ಬೈಗುಳಕ್ಕೆ ಸಿದ್ಧಳಾಗಿ ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು, ಹೊಡೆದರೂ ಸರಿ ಎನ್ನುವ ಹಾಗೆ.

“ಈಗ ಕಾಲ ಹೆಂಗೈತಿ?” ಎಂದು ಕೇಳಿದೆ. ಬೇರೇನೋ ಕೇಳಬೇಕೆಂದು ಹೊರಟವಳು, ಇದನ್ನು ಕೇಳಿದೆ.

ಅವಳು ಕಣ್ಣು ತೆರೆದಳು.

“ನೋಯತೈತ್ರಿ” ಅಂದಳು. “ಭಾಳ ನೋಯತೈತ್ರಿ ಟೀಚರ್.”

ಅಂದು ಅಳದ ಹುಡುಗಿ ಈಗ ಅತ್ತಳು. ಅವ್ವ ಎದ್ದು ಒಳಗೆ ಹೋದಳು. ನಾನು ಅವಳ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಎಲ್ಲಿ, ಎಲ್ಲಿ ಎಂದು ಕೇಳುತ್ತಾ ಹೋದೆ. ಅವಳು ತೋರಿಸುತ್ತಾ ಹೋದಳು. ಸಾಯಿರಾಗೆ ಫೋನ್ ಮಾಡಿ ನಾಳೆಯಿಂದ ಇಬ್ಬರು ಬರುತ್ತೇವೆ ಎಂದು ತಿಳಿಸಿದೆ.

ಸಂಜೆ ಬಸ್ ನಿಲ್ದಾಣಕ್ಕೆ ಬಿಡಲು ಹೊರಟೆ. ಮೆಟ್ಟಿಲು ಇಳಿಯುವಾಗ ಅವಳು ನನ್ನ ಹೆಗಲ ಮೇಲೆ ಕೈ ಇಟ್ಟು ಭಾರ ಬಿಟ್ಟಳು. ನಾನು ಇನ್ನೊಂದು ಕೈಯಿಂದ ಗೋಡೆ ಹಿಡಿದುಕೊಂಡೆ.